ಅದು ನಮಸ್ಕಾರವಲ್ಲ, ಹೊಟ್ಟೆನೋವು

ಆಯಾ ಸಣ್ಣತಾಯಮ್ಮ ನಾಯಿ ಕೆಂಚನ ಬಾಯಿ ಒರೆಸಿ, ವಾಂತಿ ಮೆತ್ತಿದ ಗೋಣಿಚೀಲವನ್ನು ಎಳೆದು ಒಣಗಿದ್ದೊಂದನ್ನು ಹಾಸುತ್ತಿದ್ದಾರೆ. ಬೇಲೂರಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಎಸ್‌ಟಿಡಿ ಬೂತಿನ ಪಕ್ಕದ ಪುಟ್ಟ ಪಶು ಚಿಕಿತ್ಸಾಲಯದಲ್ಲಿ ಕಿಟಕಿ ಸರಳಿಗೆ ಕಟ್ಟಿದ ಡ್ರಿಪ್ ಬಾಟಲಿ ತೊಟ್ಟಿಕ್ಕುತ್ತಿದೆ. ಕೆಂಚ ಹಿಂಭಾಗ ಎತ್ತಿ, ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ಒತ್ತುತ್ತಾನೆ.

“ಇದನ್ನ ನೋಡಿ ಇವನ ಮನೆಮಂದಿಯೆಲ್ಲ ನಕ್ಕವ್ರೆ. ಕೆಂಚನಿಗೂ ಭಕ್ತಿ ಬಂತು, ಅಡ್ಡಬೀಳ್ತಾವ್ನೆ ಅಂತ. ನೋವು ತಡೀದೆ ಸಾಯ್ತೈತೆ ಕಣ್ರೀ ಅದು!” ಎಂದು ಸಣ್ಣತಾಯಮ್ಮ ಡಾಕ್ಟರಿಗೆ ಹೇಳುತ್ತಾರೆ.

ಯುಗಾದಿಯ ಮರುದಿನ ವರ್ಷತೊಡಕು, ಮನೆಮನೆಯಲ್ಲೂ ಮಾಂಸದಡುಗೆ. ಕೊಯ್ಯುವಾಗ ತೆಗೆದ ಕೊಬ್ಬೆಲ್ಲ ನಾಯಿಯ ಪಾಲಿಗೆ; ಮೊನ್ನೆ ಕೆಂಚನಿಗೂ ಅದೇ. ಅಷ್ಟು ಜಿಡ್ಡು ಒಮ್ಮೆಲೇ ಬಿದ್ದರೆ ಕೆಲವು ನಾಯಿಗಳ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಅನ್ನ ಕರಗಿಸಬೇಕಾದ ರಸ ಆ ಗ್ರಂಥಿಯನ್ನೇ ಕರಗಿಸತೊಡಗುತ್ತದೆ. ಡಾಕ್ಟರ್ ಹೇಮಾಶ್ರೀ ಡ್ರಿಪ್ ಹಾಕಿ, ನೋವಿಗೂ ವಾಂತಿಗೂ ಇಂಜೆಕ್ಷನ್ ಕೊಡುತ್ತಾರೆ. ಆಮೇಲಿನ ಆರೈಕೆ ಸಣ್ಣತಾಯಮ್ಮನದು: ತೊಳೆಯುವುದು, ಕಾಯುವುದು, ವಾಂತಿ ನಿಂತ ಮೇಲೆ ಜಿಡ್ಡಿಲ್ಲದ ಗಂಜಿಯನ್ನು ಚಮಚದಲ್ಲಿ ನೆಕ್ಕಿಸುವುದು. ಗಂಡನ ಮನೆಯವರು ಇವರನ್ನು ‘ನಾಯಿ ಬಾಣಂತನದವಳು’ ಎನ್ನುತ್ತಾರೆ. ಊಟಕ್ಕೆ ಕೂತರೆ ನಾದಿನಿ “ಕೈ ತೊಳ್ಕಂಡ್ಯೇನವ್ವ?” ಎಂದು ಎಲ್ಲರೆದುರೇ ಕೇಳುತ್ತಾಳೆ.

ಮೊದಲ ಬಸ್ಸಿಗೇ ಹಗರೆಯಿಂದ ಕೆಂಚನ ಯಜಮಾನ ನಂಜಪ್ಪ ಬಂದಿಳಿಯುತ್ತಾರೆ. ಕೈಯಲ್ಲೊಂದು ಡಬ್ಬಿ.

“ಸುಸ್ತಾಗವ್ನೆ ಕಣಕ್ಕ. ಒಸಿ ಮೂಳೆ ಸಾರು ಕುಡೀಲಿ.”

“ವಾಂತಿ ಶುರುವಾದಾಗ ಏನು ಕುಡಿಸಿದ್ರಿ, ನಂಜಪ್ಪಣ್ಣ?”

“ಯಾರೋ ವಿಷ ಇಕ್ಕವ್ರೆ ಅನ್ಕಂಡೆ. ವಿಷ ಇಳೀಲಿ ಅಂತ ಕೊಬ್ಬರಿ ಎಣ್ಣೆ.”

“ಜಿಡ್ಡಿನ ಮೇಲೆ ಜಿಡ್ಡು! ಈಗ ಈ ಸಾರು ಬೇರೆ! ನಿನ್ನೆ ಡಾಕ್ಟ್ರಮ್ಮ ಹೇಳಿದ್ದು ಗೋಡೆಗಾ?”

“ನಾವು ತಿಂದು ಅದ್ನ ಉಪಾಸ ಕೆಡವದಾ? ನಮ್ಗೂ ಕರುಳೈತೆ ಕಣಕ್ಕ.” ಅವರ ಕಣ್ಣು ತುಂಬಿದೆ. ಅದನ್ನು ಕಂಡು ಸಣ್ಣತಾಯಮ್ಮನ ಸಿಟ್ಟು ಇನ್ನಷ್ಟು ಏರುತ್ತದೆ. ಕೇಡಿಗರಾಗಿದ್ದರೆ ಬೈದು ಓಡಿಸಬಹುದಿತ್ತು. ಪ್ರೀತಿಯಿಂದಲೇ ಕೊಲ್ಲುವವರನ್ನು ಏನು ಮಾಡುವುದು?

ಮಧ್ಯಾಹ್ನದ ಹೊತ್ತಿಗೆ ಕೆಂಚ ಚಮಚದ ಗಂಜಿ ನೆಕ್ಕುತ್ತಾನೆ. ಡಾಕ್ಟರೂ ಬಂದು ನಿಲ್ಲುತ್ತಾರೆ, ಮೂವರೂ ಕಾಯುತ್ತಾರೆ. ವಾಂತಿಯಾಗುವುದಿಲ್ಲ. ಬಾಲ ಒಮ್ಮೆ ನೆಲ ಬಡಿಯುತ್ತದೆ.

“ಇನ್ನು ಉಳೀತಾನೆ” ಎನ್ನುತ್ತಾರೆ ಡಾಕ್ಟರ್.

“ಬದುಕ್ಕಂಡ ನನ್ ಮಗ!” ನಂಜಪ್ಪ ಕುಣಿದಾಡುತ್ತಾರೆ. “ಬರೋ ವರ್ಷತೊಡಕಿಗೆ ದೊಡ್ಡ ಪಾಲು ಇವನಿಗೇಯ!”

ಡಾಕ್ಟರ್ ಮತ್ತೆ ಮೊದಲಿನಿಂದ ವಿವರಿಸತೊಡಗುತ್ತಾರೆ. ನಂಜಪ್ಪ ತಲೆಯಾಡಿಸುತ್ತಾರೆ, ನಿನ್ನೆ ಆಡಿಸಿದ ಹಾಗೆಯೇ. ಸಣ್ಣತಾಯಮ್ಮ ಸಾರನ್ನು ಹಿತ್ತಲ ಗುಂಡಿಗೆ ಸುರಿದು, ಬೂದಿ ಹಾಕಿ ಡಬ್ಬಿ ತಿಕ್ಕುತ್ತಾರೆ. ಬರುವ ವರ್ಷತೊಡಕಿನ ದಿನ ತಾನೇ ಹಗರೆಗೆ ಮೊದಲ ಬಸ್ಸು ಹತ್ತಬೇಕು. ಮಾಂಸ ಕೊಯ್ಯುವ ಹೊತ್ತಿಗೆ ನಂಜಪ್ಪನ ಅಂಗಳದಲ್ಲಿ ಕೆಂಚನ ಪಕ್ಕ ಕಾವಲು ಕೂತಿರಬೇಕು. ಮನೆಯ ಊಟ ತಪ್ಪಿದರೆ ತಪ್ಪಲಿ, ನಾದಿನಿ ಏನಾದರೂ ಅನ್ನಲಿ.

ಡಬ್ಬಿ ಒರೆಸಿ ನಂಜಪ್ಪನ ಕೈಗಿಡುತ್ತಾರೆ. “ಹೋಗ್ಬನ್ನಿ” ಎಂದಷ್ಟೇ ಹೇಳುತ್ತಾರೆ.