ಹುಳ ಕೊರೆದ ಬದನೆಕಾಯಿ

ಹುಳ ಕೊರೆದ ತೂತಿದ್ದರೆ ಮಾತ್ರ ನಿರ್ಮಲಮ್ಮ ಬದನೆಕಾಯಿ ಕೊಳ್ಳುತ್ತಿದ್ದರು. ತರಕಾರಿ ಮಾರುವ ಮುಮ್ತಾಜ್ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಿರ್ಮಲಮ್ಮನಿಗೆ ಅದು ನಗುವ ವಿಷಯವಾಗಿರಲಿಲ್ಲ. ಗಂಡ ಕರಿಬಸವರಾಜ ಹರಿಹರದಲ್ಲಿ ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟಿದ್ದರು. ನಾಳೆ ಕೀಳುವ ಬದನೆಗೆ ಇವತ್ತು ಔಷಧಿ ಹೊಡೆಯುತ್ತೇವೆಂದು ಬಂದವರಿಗೂ ಡಬ್ಬಿ ಎತ್ತಿ ಕೊಟ್ಟದ್ದು ನಿರ್ಮಲಮ್ಮನ ಕೈಯೇ. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದರು. ದಾವಣಗೆರೆ ಜಿಲ್ಲೆಯಾದ ವರ್ಷ ಅಲ್ಲಿನ ಕೆ.ಬಿ. ಬಡಾವಣೆಯಲ್ಲಿ ಖಾನಾವಳಿ ತೆರೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ. ಬಾಗಿಲ ಮೇಲೆ ಬೋರ್ಡು: 'ಔಷಧಿ ಹೊಡೆಯದ ತರಕಾರಿಯ ಊಟ'. ಆ ಮಾತು ಸುಳ್ಳಾದರೆ ಖಾನಾವಳಿಗೂ ಹಳೆಯ ಅಂಗಡಿಗೂ ಅವರ ಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ಬದನೆ ಬರುತ್ತಿದ್ದುದು ಹತ್ತಿರದ ಹಳ್ಳಿ ಹದಡಿಯ ಹೊನ್ನಕ್ಕನ ಹಿತ್ತಲಿನಿಂದ. ಮಾರುವ ಹೊಲಕ್ಕೆ ಎಷ್ಟು ಔಷಧಿ ಹೊಡೆದರೂ ಮನೆಮಂದಿ ತಿನ್ನುವ ಹಿತ್ತಲಿಗೆ ಅಲ್ಲಿ ಯಾರೂ ಹೊಡೆಯುವುದಿಲ್ಲ. ತಿಪ್ಪೆಗೊಬ್ಬರ, ಬೂದಿ, ಬಚ್ಚಲ ನೀರು, ಅಷ್ಟೇ. ಇದು ತಿಳಿದೇ ನಿರ್ಮಲಮ್ಮ ಕೇಳಿದ್ದರು: "ನೀವು ಏನು ತಿಂತೀರೋ ಅದನ್ನೇ ನಂಗೂ ಕೊಡ್ರಿ."

ಹೊನ್ನಕ್ಕ ಬೆಳಗಿನ ಬಸ್ಸಿಗೆ ಪುಟ್ಟಿ ತರತೊಡಗಿದಳು. ಮೊದಲು ಆಗೊಮ್ಮೆ ಈಗೊಮ್ಮೆ. ಗಿರಾಕಿ ಹೆಚ್ಚಿದ ಮೇಲೆ ದಿನಾ.

ಒಂದು ದಿನ ಅವಳು ಬರಲಿಲ್ಲ. ನಿರ್ಮಲಮ್ಮ ತಾವೇ ಹದಡಿಗೆ ಹೋದರು. ಹೊನ್ನಕ್ಕನ ಕಾಲು ಉಳುಕಿತ್ತು. ಅವಳ ಗಂಡ ಗಿಡ್ಡಪ್ಪ ಮೊಮ್ಮಗಳು ಕೀರ್ತನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣುತ್ತಿದ್ದ.

"ಬರ್ರಿ ಅಮ್ಮಾರೆ, ಕೂಡ್ರಿ. ಖಾನಾವಳಿಯೋರೇ ಊಟಕ್ಕೆ ಬಂದ್ರು ಅಂದ್ರೆ ನಾವೂ ಒಂದು ಬೋರ್ಡು ಬರೆಸ್ಬೇಕು," ಎಂದ ಗಿಡ್ಡಪ್ಪ.

ಹೊನ್ನಕ್ಕ ಕುಂಟುತ್ತಲೇ ರೊಟ್ಟಿ, ಮೊಸರು, ಶೇಂಗಾ ಚಟ್ನಿಪುಡಿ ಬಡಿಸಿದಳು. ಪಲ್ಯದ ಬೋಗುಣಿಯನ್ನು ಮಾತ್ರ ಆಚೆ ಸರಿಸಿದಳು.

"ನಂಗ್ಯಾಕ ಪಲ್ಯ ಹಾಕಲಿಲ್ಲ?"

"ಅದು ನಿಮಗಲ್ರಿ. ಹೊಲದ್ದು."

"ನೀವು ತಿನ್ನಕತ್ತೀರಲ್ಲ!"

"ಹಿತ್ತಲದ್ದು ನಿಮಗೇ ಸಾಲದು. ನಾವು ಉಪ್ಪುನೀರಾಗೆ ತೊಳ್ಕೊಂಡು ತಿಂತೀವ್ರಿ, ಏನೂ ಆಗಲ್ಲ."

ಗಿಡ್ಡಪ್ಪನ ತಟ್ಟೆಯಲ್ಲಿದ್ದ ಬದನೆ ಹೋಳುಗಳಲ್ಲಿ ಒಂದು ತೂತೂ ಇರಲಿಲ್ಲ. ಆ ಔಷಧಿ ಕಾಯಿಯ ಒಳಕ್ಕೇ ಇಳಿಯುತ್ತದೆ, ಉಪ್ಪುನೀರಿಗೆ ಹೋಗುವುದಿಲ್ಲ ಎಂಬುದು ನಿರ್ಮಲಮ್ಮನಿಗೆ ಗೊತ್ತಿತ್ತು. ಅವನು ಒಂದು ತುತ್ತು ಮಗುವಿನ ಬಾಯಿಗಿಟ್ಟ.

"ನಾಳಿಂದ ತರಬ್ಯಾಡ ಹೊನ್ನಕ್ಕ. ಹಿತ್ತಲದ್ದು ನೀವೇ ತಿನ್ರಿ. ಉಪ್ಪುನೀರಿಗೆ ಔಷಧಿ ಹೋಗಂಗಿಲ್ಲ."

"ನೀವು ಬ್ಯಾಡಂದ್ರೆ ನಿಟ್ಟುವಳ್ಳಿ ಮೆಸ್ಸಿನೋರು ಒಯ್ತಾರೆ ಬಿಡ್ರಿ. ಕೇಳಿಕಳಿಸ್ಯಾರೆ," ಎಂದಳು ಹೊನ್ನಕ್ಕ. "ಹುಳದ ಕಾಯಿಗೂ ಬೆಲೆ ಐತೆ ಅಂತ ತೋರಿಸ್ಕೊಟ್ಟೋರೇ ನೀವು."

ನಿರ್ಮಲಮ್ಮ ಎದ್ದು ಬಸ್ಸಿಗೆ ನಡೆದರು. ಬೇರೆ ಊರುಗಳಲ್ಲಿ ಕೇಳಬಹುದಿತ್ತು. ಅಲ್ಲಿಯೂ ಅದು ಯಾರದೋ ಮನೆಮಂದಿ ತಿನ್ನುವ ಹಿತ್ತಲೇ ಆಗಿರುತ್ತಿತ್ತು.

ಮರುದಿನ ಬೋರ್ಡು ಇಳಿಸಿ ಮುಮ್ತಾಜಳ ಹತ್ತಿರ ಹೋದರು.

"ಹುಳ ಇಲ್ಲ ನೋಡಮ್ಮಾ ಇದ್ರಾಗೆ," ಎಂದು ಅವಳು ಚೇಷ್ಟೆ ಮಾಡಿದಳು.

"ಗೊತ್ತೈತೆ. ತೂಗು."

ಮಧ್ಯಾಹ್ನ, ದಿನಾ ಬರುವ ಗಿರಾಕಿ ರೇವಣ್ಣ ಬೆರಳು ಚೀಪಿ ಹೇಳಿದ: "ಇವತ್ತು ಹುಳ ಹುಡುಕದಂಗೆ ಎಣ್ಣೆಗಾಯಿ ತಿಂದೆ ನೋಡ್ರಿ ಅಮ್ಮಾರೆ. ಭಾಳ ಚಲೋ ಐತೆ. ಇನ್ನೊಂದು ಹಾಕ್ರಿ."

ನಿರ್ಮಲಮ್ಮ ಹಾಕಿದರು.