ಕುರಿಯ ಹೊಟ್ಟೆ ಮತ್ತು ಹತ್ತೊಂಬತ್ತು ಗೆಲುವು

ನಮ್ಮ ಯಜಮಾನರು ಹೊಸದುರ್ಗದ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಕುರಿಗಳಿಗೆ ಸೂಜಿ ಹಾಕುವುದು, ಔಷಧಿ ಕುಡಿಸುವುದು ಅವರ ಕೆಲಸ. ಜನ ಅವರನ್ನು ಡಾಕ್ಟರೆಂದೇ ಕರೆಯುತ್ತಿದ್ದರು. ನಿಜವಾದ ಡಾಕ್ಟರಿಗೆ ದೊಡ್ಡ ಡಾಕ್ಟರೆನ್ನುತ್ತಿದ್ದರು. ಇಂಥವರು ಎಪ್ಪತ್ತರ ದಶಕದಲ್ಲಿ ನಮ್ಮ ಜಿಲ್ಲೆಯ ಸಾಮಾನ್ಯ ಜ್ಞಾನ ಸ್ಪರ್ಧೆಗಳಲ್ಲಿ ಒಂದಾದ ಮೇಲೊಂದರಂತೆ ಹತ್ತೊಂಬತ್ತು ಸಲ ಗೆದ್ದರು. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಮುರಿಯಬೇಕೆಂದು ಯಾರಿಗಾದರೂ ಅನ್ನಿಸಿದ್ದನ್ನೂ ನಾನು ಕಾಣೆ.

ಈಗಾದರೆ ಇಂಥವರನ್ನು ಟೀವಿಯಲ್ಲಿ ಕೂರಿಸಿ ದೀಪ ಹಾಕಿ ತೋರಿಸುತ್ತಾರೆ. ಆಗ ನಮ್ಮ ಕಡೆ ಟೀವಿಯನ್ನು ಕಂಡವರೇ ಇರಲಿಲ್ಲ. ಶಾಲೆಯ ಅಂಗಳ, ಎರಡು ಬೆಂಚು, ಒಂದು ಮೈಕು, ಮುಂದೆ ಕುಳಿತ ಊರ ಜನ. ಅಷ್ಟೇ.

ಮೊದಲ ಗೆಲುವು ಹೊಳಲ್ಕೆರೆಯಲ್ಲಿ ಆಯಿತು. ಔಷಧಿ ಪೆಟ್ಟಿಗೆ ತರಲು ಹೋಗಿದ್ದವರು ಬಸ್ಸು ತಪ್ಪಿಸಿಕೊಂಡು ನೆರಳಿಗೆಂದು ಶಾಲೆಯ ಅಂಗಳಕ್ಕೆ ಹೋಗಿ ನಿಂತರಂತೆ. ಅಲ್ಲಿ ಯುವಕ ಸಂಘದವರು ಸ್ಪರ್ಧೆ ಇಟ್ಟಿದ್ದರು. ಹೆಸರು ಕೊಟ್ಟಿದ್ದವನು ಒಬ್ಬನೇ, ಒಬ್ಬ ಬ್ಯಾಂಕ್ ಗುಮಾಸ್ತ. ಸ್ಪರ್ಧೆ ಎಂದ ಮೇಲೆ ಇಬ್ಬರಾದರೂ ಬೇಕಲ್ಲ. ಔಷಧಿ ಪೆಟ್ಟಿಗೆಯ ಸಮೇತ ಇವರನ್ನು ಎಳೆದು ಬೆಂಚಿನ ಮೇಲೆ ಕೂರಿಸಿದರು. ಗುಮಾಸ್ತನಿಗೆ ಎಲ್ಲ ಉತ್ತರವೂ ಗೊತ್ತಿತ್ತು, ಆದರೆ ಮೈಕು ಕಂಡರೆ ಬಾಯಿ ಕಟ್ಟುತ್ತಿತ್ತು. ಹತ್ತೂ ಪ್ರಶ್ನೆಗೆ ಅವನು ಬಾಯಿ ತೆರೆದು ಮುಚ್ಚಿದ. ಇವರು ನಾಲ್ಕಕ್ಕೆ ಉತ್ತರ ಹೇಳಿ ಗೆದ್ದು ಬಂದರು. ಬಹುಮಾನವಾಗಿ ಕೆಂಪು ರಟ್ಟಿನ ಒಂದು ದಪ್ಪ ಪುಸ್ತಕ. ಪ್ರಶ್ನೆಗಳನ್ನೆಲ್ಲ ಆ ಪುಸ್ತಕದಿಂದಲೇ ಆರಿಸಿದ್ದರು.

ಮುಂದಿನ ತಿಂಗಳು ಹೊಸದುರ್ಗದಲ್ಲಿ ಸ್ಪರ್ಧೆ ನಡೆಯಿತು. ಪ್ರಶ್ನೆಗಳು ಅದೇ ಪುಸ್ತಕದವು, ಬಹುಮಾನವೂ ಅದೇ ಪುಸ್ತಕ. ಆಮೇಲೆ ತಿಳಿಯಿತು: ಚಿತ್ರದುರ್ಗದ ಅಂಗಡಿಗೆ ಬರುತ್ತಿದ್ದ ಅಂಥ ಪುಸ್ತಕ ಅದೊಂದೇ. ಪ್ರತಿ ಸಂಘದವರೂ ಎರಡೆರಡು ಪ್ರತಿ ಒಯ್ಯುತ್ತಿದ್ದರು, ಕೇಳಲಿಕ್ಕೊಂದು, ಕೊಡಲಿಕ್ಕೊಂದು. ಗೆದ್ದವರ ಮನೆಗೆ ಮುಂದಿನ ಸ್ಪರ್ಧೆಯ ಪ್ರಶ್ನೆಗಳು ತಾವಾಗಿಯೇ ಬಂದು ಸೇರುತ್ತಿದ್ದವು. ಹೀಗೆ ಗೆದ್ದ ಕಾರಣಕ್ಕೇ ಇವರು ಗೆಲ್ಲುತ್ತಾ ಹೋದರು. ವರ್ಷ ತುಂಬುವಷ್ಟರಲ್ಲಿ ಮನೆಯಲ್ಲಿ ಒಂಬತ್ತು ಪ್ರತಿ ಇದ್ದವು. ನೆಂಟರಿಗೆ ಕೊಟ್ಟೆ. ಸೀರೆ ಮಡಿಸಿ ಅದರ ಮೇಲೆ ಭಾರಕ್ಕಿಟ್ಟೆ. ಅಟ್ಟದ ಡಬ್ಬಿ ನಿಲುಕದಿದ್ದಾಗ ನಾಲ್ಕನ್ನು ಪೇರಿಸಿ ಅದರ ಮೇಲೆ ನಿಂತೆ.

ಅವರಿಗೆ ಓದಿಸುವ ಕೆಲಸ ನನ್ನದು. ರೊಟ್ಟಿ ತಟ್ಟುತ್ತಾ ಒಂದೊಂದೇ ಪ್ರಶ್ನೆ ಕೇಳುವುದು, ಅವರು ಮಣೆಯ ಮೇಲೆ ಕುಳಿತು ಉತ್ತರ ಹೇಳುವುದು. ಒಂದು ದಿನ ಕೇಳಿದೆ, “ಕುರಿಯ ಹೊಟ್ಟೆಯಲ್ಲಿ ಎಷ್ಟು ಕೋಣೆಗಳಿವೆ?”

“ನಾಕು,” ಎಂದರು.

“ಪುಸ್ತಕದಾಗೆ ಮೂರು ಅಂತ ಐತೆ ರೀ.”

“ತಪ್ಪು ಅಚ್ಚಾಗೈತೆ. ನಾನು ದಿನಾ ನೋಡೋದು ಅದನ್ನೇ ಅಲ್ವಾ?”

“ನೀವು ನೋಡಿರಬೌದು. ಅಲ್ಲಿ ಪ್ರಶ್ನೆ ಕೇಳೋರು ನೋಡಿಲ್ವಲ್ಲ. ಸುಮ್ನೆ ಮೂರು ಅನ್ರಿ.”

ಈ ಬುದ್ಧಿ ಹೇಳಿದ್ದು ನಾನೇ. ಒಪ್ಪಿಕೊಳ್ಳಬೇಕು.

ಹಿರಿಯೂರಿನ ಸ್ಪರ್ಧೆಯಲ್ಲಿ ಆ ಪ್ರಶ್ನೆ ಬಂತು. ಇವರು ನೆಲ ನೋಡುತ್ತಾ “ಮೂರು” ಎಂದರು. ಜನ ಚಪ್ಪಾಳೆ ತಟ್ಟಿದರು. ಇವರ ಕಿವಿಗಳೆರಡೂ ಕೆಂಪಾಗಿದ್ದವು. ಮಾರನೆಯ ದಿನ ಆಸ್ಪತ್ರೆಯಲ್ಲಿ ಕುರಿಗಳ ಮುಖ ನೋಡದೆ ಸೂಜಿ ಹಾಕಿದರೆಂದು ಅಲ್ಲಿಯ ಜವಾನ ನನಗೆ ಹೇಳಿದ. ಆಮೇಲೆ ಇನ್ನೂ ನಾಲ್ಕು ಊರುಗಳಲ್ಲಿ ಅದೇ ಪ್ರಶ್ನೆ ಬಂತು, ನಾಲ್ಕರಲ್ಲೂ ಮೂರೇ ಅಂದರು.

ಇಪ್ಪತ್ತನೆಯ ಸ್ಪರ್ಧೆ ಧರ್ಮಪುರದಲ್ಲಿತ್ತು. ಭಾನುವಾರ ಮಧ್ಯಾಹ್ನ. ನಾನೂ ಹೋಗಿದ್ದೆ. ಇವರನ್ನು ನೋಡಲೆಂದೇ ಸುತ್ತಲ ಹಟ್ಟಿಗಳ ಕುರಿಗಾಹಿಗಳು ಕಂಬಳಿ ಹಾಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹಿಂದಿನ ತಿಂಗಳಷ್ಟೇ ಇವರು ಅವರ ಕುರಿಗಳಿಗೆಲ್ಲ ಲಸಿಕೆ ಹಾಕಿ ಬಂದಿದ್ದರು. ಎದುರಾಳಿ ಹೊಳಲ್ಕೆರೆಯ ಆ ಬ್ಯಾಂಕ್ ಗುಮಾಸ್ತ. ಅವನೂ ಪುಸ್ತಕ ಕೊಂಡು ಬಾಯಿಪಾಠ ಮಾಡಿದ್ದ, ಜೊತೆಗೆ ಹೊಲದಲ್ಲಿ ನಿಂತು ಗಟ್ಟಿಯಾಗಿ ಮಾತಾಡುವ ಅಭ್ಯಾಸವನ್ನೂ ಮಾಡಿದ್ದ. ಪ್ರಶ್ನೆ ಕೇಳುವವರು, ತೀರ್ಪು ಕೊಡುವವರು ಎರಡೂ ಅಲ್ಲಿಯ ಹೆಡ್‌ಮಾಸ್ಟರೇ. ಹಣೆತುಂಬ ವಿಭೂತಿ, ಮಠದ ಭಕ್ತರು, ಮೊಟ್ಟೆಯನ್ನು ಕಂಡರೂ ದೂರ ಸರಿಯುವಂಥವರು.

ಒಂಬತ್ತು ಪ್ರಶ್ನೆ ಮುಗಿದಾಗ ಇಬ್ಬರೂ ಸಮಸಮ. ಹತ್ತನೆಯದು, ಕುರಿಯ ಹೊಟ್ಟೆ. ಸರದಿ ನಮ್ಮವರದು.

ಇವರು ನೆಲ ನೋಡಲಿಲ್ಲ. ಮುಂದಿನ ಸಾಲಿನ ಕಂಬಳಿಗಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಸೆರಗಿನ ಮರೆಯಲ್ಲಿ ಮೂರು ಬೆರಳು ತೋರಿಸಿದೆ.

“ನಾಕು,” ಎಂದರು.

“ತಪ್ಪು,” ಎಂದರು ಹೆಡ್‌ಮಾಸ್ಟರು. ಗುಮಾಸ್ತ ಮೈಕಿಗೆ ಬಾಯಿಕೊಟ್ಟು “ಮೂರು” ಎಂದ. ಹೊಳಲ್ಕೆರೆಯಲ್ಲಿ ಬಾಯಿ ಕಟ್ಟಿದ್ದವನು ಇವನೇ ಎಂದರೆ ನಂಬುವ ಹಾಗಿರಲಿಲ್ಲ.

ಮುಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು ನಿಂತ. “ಮೇಷ್ಟ್ರೇ, ಡಾಕ್ಟ್ರು ಹೇಳಿದ್ದು ಸರಿ ಐತೆ. ನಾವು ಕೊಯ್ದು ನೋಡಿದೀವಿ. ನಾಕು ಅವೆ.”

“ಇಲ್ಲಿ ಪುಸ್ತಕ ಹೇಳಿದ್ದೇ ಸರಿ ಕಣಪ್ಪ. ಕುಂತ್ಕ.”

ಮುದುಕ ಕೂರಲಿಲ್ಲ. ಬದಲಿಗೆ ಉಳಿದವರೂ ಎದ್ದರು. ಯಾರೋ ಹೋಗಿ ಮಟನ್ ಅಂಗಡಿಯವನನ್ನು ಕರೆತಂದರು. ಬೆಳಿಗ್ಗೆ ಕೊಯ್ದ ಕುರಿಯ ಹೊಟ್ಟೆಯನ್ನು ಅವನು ಬಕೆಟ್ಟಿನಲ್ಲಿ ಹಾಗೇ ಎತ್ತಿಕೊಂಡು ಬಂದಿದ್ದ. ಸ್ಪರ್ಧಿಗಳ ಬೆಂಚಿನ ಮೇಲೇ ಬಾಳೆಎಲೆ ಹಾಸಿದರು. ಹೆಡ್‌ಮಾಸ್ಟರು ಮೂಗಿಗೆ ಶಲ್ಯ ಹಿಡಿದು ಗೋಡೆಯ ಕಡೆ ತಿರುಗಿ ನಿಂತರು.

“ನಾನು ನೋಡಲ್ಲ. ಎಣಿಸ್ರಿ, ಕೇಳಿಸ್ಕಂತೀನಿ.”

ನಮ್ಮವರು ತೋಳು ಮಡಿಸಿ, ಆಸ್ಪತ್ರೆಯಲ್ಲಿ ಇದ್ದಷ್ಟೇ ನಿಧಾನವಾಗಿ ತೋರಿಸುತ್ತಾ ಹೋದರು. ದೊಡ್ಡ ಚೀಲದಂಥದ್ದು ಒಂದು. ಜೇನುಗೂಡಿನ ಹಾಗೆ ಕಣ್ಣುಕಣ್ಣಾಗಿರುವುದು ಎರಡು. ಒಳಗೆಲ್ಲ ಪುಸ್ತಕದ ಹಾಳೆಯಂತೆ ಪದರಪದರವಾಗಿರುವುದು ಮೂರು. ಊರಿಗೆ ಊರೇ ಅವರೊಡನೆ ಎಣಿಸುತ್ತಿತ್ತು.

“ಮೂರಾಯ್ತಲ್ಲ, ಸಾಕು ಬಿಡ್ರಿ,” ಎಂದರು ಹೆಡ್‌ಮಾಸ್ಟರು ಗೋಡೆಗೆ.

“ಇನ್ನೂ ಒಂದೈತೆ ಸಾರ್,” ಎಂದರು ಇವರು. ಜನ ನಾಲ್ಕು ಎಂದರು.

ಹೆಡ್‌ಮಾಸ್ಟರು ತಿರುಗದೆಯೇ ಶಲ್ಯವನ್ನು ಮೂಗಿನಿಂದ ಸ್ವಲ್ಪ ಸರಿಸಿದರು. ಆಮೇಲೆ ತೀರ್ಪು ಕೊಟ್ಟರು. “ಈ ಕುರಿಗೆ ನಾಕು ಇರಬೌದು. ನಾನು ಇಲ್ಲ ಅನ್ನಲ್ಲ. ಆದ್ರೆ ಇದು ಸಾಮಾನ್ಯ ಜ್ಞಾನದ ಸ್ಪರ್ಧೆ. ಪ್ರಶ್ನೆ ಕೇಳಿರೋದು ಸಾಮಾನ್ಯ ಕುರಿ ಬಗ್ಗೆ.”

ಬಹುಮಾನ ಗುಮಾಸ್ತನಿಗೆ ಹೋಯಿತು. ಅವನು ಅದನ್ನು ಕಂಕುಳಲ್ಲಿಟ್ಟುಕೊಂಡು ಬೆಂಚಿನ ಹತ್ತಿರ ಬಂದ. “ಇದ್ರಲ್ಲಿ ಮೂರನೇದು ಯಾವ್ದು, ಇನ್ನೊಂದ್ಸಲ ತೋರಿಸ್ತೀರಾ?” ಎಂದು ಇವರನ್ನು ಕೇಳಿದ. ಇವರು ಬೇಸರವಿಲ್ಲದೆ ತೋರಿಸಿದರು. ಕುರಿಗಾಹಿಗಳಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಹೆಡ್‌ಮಾಸ್ಟರ ಮನೆಗೆ ಹೋಗಿ ಇನ್ನೊಂದು ಕುರಿ ತೋರಿಸೋಣವೆಂದು ಕೆಲವರು ಅಂದರು. ಆ ಮುದುಕ ಅವರನ್ನು ಸುಮ್ಮನಾಗಿಸಿ, ತಾನು ಹಾಸಿಕೊಂಡಿದ್ದ ಕಂಬಳಿಯನ್ನು ಕೊಡವಿ ಇವರ ಹೆಗಲಿಗೆ ಹಾಕಿದ.

ಇವರು ಕೈ ತೊಳೆದುಕೊಂಡು ಬಂದು, “ಹೋಗಾಣ ನಡಿ,” ಎಂದರು.

ಹಿರಿಯೂರಿನ ಬಸ್ಸು ಹತ್ತಿದೆವು. ಮೂರು ಬೆರಳು ತೋರಿಸಿದ್ದು ನೆನೆದು ನಾಚಿಕೆಯಾಗುತ್ತಿತ್ತು. ಕೊನೆಗೆ, “ಬೇಜಾರಾತೇನ್ರಿ?” ಎಂದೆ.

“ಇಲ್ಲ ಕಣೆ. ಹಸಿವು ಆಗ್ತೈತೆ.”

ಸ್ಪರ್ಧೆಯ ದಿನ ಅವರಿಗೆ ಊಟವೇ ಸೇರುತ್ತಿರಲಿಲ್ಲವಂತೆ. ಆ ಮಾತನ್ನು ಅಲ್ಲಿಯವರೆಗೆ ನನಗೆ ಹೇಳಿರಲಿಲ್ಲ. ಹಿರಿಯೂರಿನಲ್ಲಿ ಇಳಿದು ಹೊಸದುರ್ಗದ ಬಸ್ಸಿಗೆ ಕಾಯುತ್ತಾ ಮಂಡಕ್ಕಿ ಮೆಣಸಿನಕಾಯಿ ತೆಗೆದುಕೊಂಡೆವು. ಅವರು ಎರಡು ಪೊಟ್ಟಣ ಮುಗಿಸಿ ನನ್ನ ಪೊಟ್ಟಣಕ್ಕೂ ಕೈಹಾಕಿದರು. ಪರಿಚಯದ ಕಂಡಕ್ಟರೊಬ್ಬ ಬಂದು, “ಏನ್ ಡಾಕ್ಟ್ರೇ, ಇಪ್ಪತ್ತಾತಾ?” ಎಂದು ವಿಚಾರಿಸಿದ. ಬಾಯಿತುಂಬ ಮಂಡಕ್ಕಿ ಇದ್ದದ್ದರಿಂದ ಇವರು ತಲೆಯಾಡಿಸಿದರು. ಅವನು ಗೆದ್ದಿದ್ದಾರೆಂದೇ ತಿಳಿದು, ನಮ್ಮನ್ನು ಕರೆದೊಯ್ದು ಮುಂದಿನ ಸೀಟಿನಲ್ಲಿ ಕೂರಿಸಿದ. ನಾವು ಕುಳಿತೆವು.