ಕ್ಷಯದ ದಾಯಾದಿ

ಟೈಲರಮ್ಮನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳು ಹೊಲಿದ ಅಂಗಿಯ ಬಟ್ಟೆ ಹರಿದೀತು, ಹೊಲಿಗೆ ಬಿಡದು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅಂಥವಳಿಗೆ ಸ್ವಂತ ಹೊಟ್ಟೆಯ ಹೊಲಿಗೆಯೇ ಕೈಕೊಟ್ಟಿತು.

ಪಿತ್ತಕೋಶದ ಕಲ್ಲಿಗೆಂದು ಹೊಟ್ಟೆಗೆ ಸಣ್ಣ ತೂತು ಕೊರೆದು ಆಪರೇಷನ್ ಮಾಡಿದ್ದರು. ಗಾಯ ಮಾಯಿತೆಂದು ಮತ್ತೆ ಮಷೀನಿನ ಮುಂದೆ ಕೂತಳು. ಸ್ವಲ್ಪ ದಿನಕ್ಕೇ ಹೊಕ್ಕುಳ ಪಕ್ಕ ಗಂಟು ಎದ್ದು, ಒಡೆದು, ಕೀವು ಸೋರಿತು. ಮಾತ್ರೆ ನುಂಗಿದ್ದಾಯಿತು, ಪಟ್ಟಿ ಕಟ್ಟಿಸಿಕೊಂಡದ್ದಾಯಿತು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಕೊನೆಗೆ ಕೀವು ಪರೀಕ್ಷಿಸಿದವರು “ಕ್ಷಯದ ಥರ ಕಾಣುತ್ತೆ” ಎಂದರು. ಆ ‘ಥರ’ ಎಂಬ ಮಾತು ಗಂಡನ ಬಾಯಲ್ಲಿ ಮನೆ ತಲುಪುವಷ್ಟರಲ್ಲಿ ದಾರಿಯಲ್ಲೇ ಉದುರಿಹೋಗಿತ್ತು.

ಮನೆಯಲ್ಲಿ ಮಗಳು ಆಗಷ್ಟೇ ಹೆತ್ತಿದ್ದಳು.

“ಅಮ್ಮಾ, ಬೇಜಾರು ಮಾಡ್ಕೋಬೇಡ. ಮಗೂನ ಮಾತ್ರ ಮುಟ್ಬೇಡ,” ಎಂದು ಬಾಗಿಲಲ್ಲೇ ನಿಂತು ಅತ್ತಳು.

ತಟ್ಟೆ, ಲೋಟ ಬೇರೆಯಾದವು. ಟೈಲರಮ್ಮ ದೂರದಿಂದಲೇ ಮೊಮ್ಮಗಳನ್ನು ಕಣ್ಣಳತೆ ಮಾಡಿ ಪುಟ್ಟ ಪುಟ್ಟ ಅಂಗಿ ಹೊಲಿಯುತ್ತಿದ್ದಳು. ಎತ್ತಿಕೊಳ್ಳಲಾರದ ಕೈಗೆ ಬೇರೇನು ಕೆಲಸ?

ಕ್ಷಯದ ಔಷಧಿಗೂ ಗಾಯ ಜಗ್ಗಲಿಲ್ಲ. ಆಗ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೊಸದಾಗಿ ಕೀವು ತೆಗೆದು, ಅದರಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡಲು ಕಳಿಸಿದರು. ವಾರದೊಳಗೇ ಅವರದೇ ಫೋನು ಬಂತು.

“ಇದು ಬೇಗ ಬೆಳೆಯೋ ಜಾತೀದಮ್ಮ.”

ಟೈಲರಮ್ಮ ತುಳಿಯುತ್ತಿದ್ದ ಮಷೀನು ನಿಲ್ಲಿಸಿದಳು. “ಹಾಗಾದ್ರೆ ನನ್ನೂ ಬೇಗ ಮುಗಿಸುತ್ತಾ?”

“ಅಯ್ಯೋ, ನಮ್ಮ ಲ್ಯಾಬಿನ ಗಾಜಿನ ತಟ್ಟೇಲಿ ಬೇಗ ಬೆಳೆಯುತ್ತೆ ಅಂದೆ! ಕ್ಷಯದ್ದು ತುಂಬಾ ನಿಧಾನ. ಇದು ಅದರ ದಾಯಾದಿ. ನೀರಲ್ಲಿ, ಮಣ್ಣಲ್ಲಿ ಇರುತ್ತೆ. ಆಪರೇಷನ್ ಸಾಮಾನು ಸರಿಯಾಗಿ ಶುದ್ಧ ಆಗ್ದಿದ್ರೆ ಗಾಯದೊಳಗೆ ಸೇರ್ಕೊಂಡುಬಿಡುತ್ತೆ.”

“ಮನೆತನ ಒಂದೇ, ಒಲೆ ಬೇರೆ ಅನ್ನಿ.”

“ಔಷಧೀನೂ ಬೇರೆ,” ಡಾಕ್ಟರಮ್ಮ ನಕ್ಕರು.

“ಮಗೂಗೆ ಅಂಟುತ್ತಾ?”

“ಇದು ಹಾಗೆ ಒಬ್ಬರಿಂದ ಒಬ್ಬರಿಗೆ ಹರಡೋದಲ್ಲ. ಗಾಯ ಮುಚ್ಕೊಂಡು, ಕೈ ತೊಳ್ಕೊಂಡು ಧಾರಾಳವಾಗಿ ಎತ್ಕೊಳ್ಳಿ.”

“ಇದೇ ಮಾತನ್ನ ನನ್ನ ಮಗಳಿಗೂ ಹೇಳ್ತೀರಾ?” ಎಂದು ಫೋನನ್ನು ಮಗಳ ಕೈಗಿಟ್ಟು, ಟೈಲರಮ್ಮ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. ಹಿಂದಿರುಗುವಷ್ಟರಲ್ಲಿ ಮಗಳು ಮಗುವನ್ನು ಮುಂದೆ ಚಾಚಿ ನಿಂತಿದ್ದಳು. ಟೈಲರಮ್ಮ ಕೈ ಒರೆಸಿಕೊಂಡು ಮೊಮ್ಮಗಳನ್ನು ಎತ್ತಿಕೊಂಡಳು.

ಮುಂದಿನದು ಸುಲಭವಾಗಿರಲಿಲ್ಲ. ಕೆಟ್ಟ ಮಾಂಸ ಕೆತ್ತಿ ತೆಗೆದರು. ತಿಂಗಳುಗಟ್ಟಲೆ ಇಂಜೆಕ್ಷನ್, ಹೊಟ್ಟೆ ತೊಳಸುವ ಮಾತ್ರೆ. “ದಾಯಾದಿ ಜಗಳ ಅಂದ್ರೆ ಸುಮ್ನೇನಾ?” ಎನ್ನುತ್ತ ನುಂಗಿದಳು, ಒಂದು ಹೊತ್ತೂ ತಪ್ಪಿಸಲಿಲ್ಲ.

ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಮೊಮ್ಮಗಳು ಅಜ್ಜಿಯ ಮಡಿಲಲ್ಲಿ ಕುಣಿದು, ಸರಿಯಾಗಿ ಗಾಯದ ಕಲೆಯ ಮೇಲೇ ಒದ್ದಳು. ಮಗಳು ಹೌಹಾರಿದಳು.

“ಒದೀಲಿ ಬಿಡೇ!” ಟೈಲರಮ್ಮ ಬೀದಿಗೆಲ್ಲ ಕೇಳುವಂತೆ ನಕ್ಕಳು. “ಇನ್ನೂ ಜೋರಾಗಿ ಒದಿ, ಪುಟ್ಟಿ!”